ದವಾಖಾನೆ ಕಟ್ಟಿಹೋದ ವಾನ್ಲೆಸ್, ದಾರಿ ಕಟ್ಟದ ನಾವು

ಹೋದ ವರ್ಷ ಶ್ರಾವಣದ ಒಂದು ರಾತ್ರಿ ಅಥಣಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಕಾಕಾ ಊಟಕ್ಕೆ ಕುಂತಿದ್ದರು. ಎಡಗೈಯಲ್ಲಿ ಹಿಡಿದ ನೀರಿನ ತಂಬಿಗೆ ಜಾರಿಬಿತ್ತು. ಎತ್ತಿಕೊಳ್ಳಲು ಹೋದರೆ ಕೈ ಏಳಲಿಲ್ಲ, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಲಕ್ವಾ ಹೊಡೆದಿದೆ ಅಂತ ಕಾಕೂಗೆ ನೋಡಿದ ಕೂಡಲೇ ಗೊತ್ತಾಯಿತು. ಎಲ್ಲಿಗೆ ಒಯ್ಯೋದು ಅನ್ನೋ ಚರ್ಚೆ ನಡೆಯಲೇ ಇಲ್ಲ. ನಮ್ಮ ಭಾಗದಲ್ಲಿ ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲಿ ಬರೋದು ಒಂದೇ ಊರು, ಮಿರಜ.

ಖಾಸಗಿ ಆಂಬುಲೆನ್ಸ್ ಬಂತು. ಡ್ರೈವರ್ 5,000 ರೂಪಾಯಿ ಹೇಳಿದ. ಹೋಗೋದು, ಖಾಲಿ ಬರೋದು ಎರಡೂ ಸೇರಿ, ರೊಕ್ಕ ಮೊದಲೇ. ಚೌಕಾಶಿ ಮಾಡೋ ಹೊತ್ತು ಅದಾಗಿರಲಿಲ್ಲ. ಮನೆಯಲ್ಲಿದ್ದದ್ದು 1,800. ಉಳಿದದ್ದನ್ನು ಎದುರು ಮನೆಯವರು, ಕಿರಾಣಿ ಅಂಗಡಿಯವರು ಸೇರಿಸಿ ಕೊಟ್ಟರು. ಹೀಗೆ ರೊಕ್ಕ ಕೂಡಿಸಲಿಕ್ಕೆ ಇಪ್ಪತ್ತು ನಿಮಿಷ ಹೋಯಿತು. ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕೆಂದರೆ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಅದರಲ್ಲಿ ಇಪ್ಪತ್ತು ನಿಮಿಷ ನಮ್ಮ ಓಣಿಯಲ್ಲೇ ಕರಗಿತ್ತು.

ಕಾಕಾ ಉಳಿದರು. ಮೂರನೇ ದಿನ ದವಾಖಾನೆಯ ಕಾಗದಗಳನ್ನು ಜೋಡಿಸುತ್ತಾ ಕುಂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸ್ಕ್ಯಾನ್, ಔಷಧ, ಹಾಸಿಗೆ, ಕೊನೆಗೆ ಹತ್ತಿ-ಬ್ಯಾಂಡೇಜಿಗೂ ರಸೀದಿ ಇತ್ತು. ಎಲ್ಲಕ್ಕಿಂತ ಮೊದಲು ಎಣಿಸಿಕೊಟ್ಟ ಆ 5,000 ರೂಪಾಯಿಗೆ ಮಾತ್ರ ರಸೀದಿ ಇರಲಿಲ್ಲ. ಚಿಕಿತ್ಸೆಯ ಲೆಕ್ಕ ದವಾಖಾನೆಯ ಬಾಗಿಲಿನಿಂದ ಒಳಗೆ ಶುರುವಾಗುತ್ತದೆ. ಬಾಗಿಲಿನವರೆಗಿನ ದಾರಿ ನಿಮ್ಮ ನಿಮ್ಮ ಹಣೆಬರಹ.

ಆ ದಿನಗಳಲ್ಲಿ ಮಿರಜಿನ ರಸ್ತೆಗಳಲ್ಲಿ ಅಡ್ಡಾಡುವಾಗ ಮತ್ತೆ ಮತ್ತೆ ಕಿವಿಗೆ ಬಿದ್ದ ಹೆಸರು ವಾನ್ಲೆಸ್. ಚಿಕ್ಕಂದಿನಿಂದ ಕೇಳಿದ ಹೆಸರೇ. ನಮ್ಮ ಹಳ್ಳಿಗಳಲ್ಲಿ ಮಿಷನ್ ದವಾಖಾನೆ ಅಂದರೆ ಸಾಕು, ಗೊತ್ತಾಗುತ್ತದೆ. ಆದರೆ ಆ ಮನುಷ್ಯ ಯಾರು, ಎಲ್ಲಿಂದ ಬಂದ, ಮಿರಜಿಗೇ ಯಾಕೆ ಬಂದ ಅಂತ ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ತೊಂಬತ್ತು ವರ್ಷಗಳ ಹಿಂದೆಯೇ ತೀರಿಕೊಂಡವರ ಬಗ್ಗೆ ಈ ಅಂಕಣದಲ್ಲಿ ಬರೆಯೋದಕ್ಕೆ ಕಾರಣ ಇಷ್ಟೇ: ನಮ್ಮ ಆಂಬುಲೆನ್ಸುಗಳು ಇವತ್ತು ಓಡುವ ದಾರಿಯ ಆ ತುದಿಯನ್ನು ಕಟ್ಟಿದವರು ಅವರು. ಈ ತುದಿಯನ್ನು ಯಾರೂ ಕಟ್ಟಲಿಲ್ಲ.

ವಿಲಿಯಂ ಜೇಮ್ಸ್ ವಾನ್ಲೆಸ್ ಹುಟ್ಟಿದ್ದು 1865ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ವೈದ್ಯಕೀಯ ಓದಿದ್ದು ನ್ಯೂಯಾರ್ಕಿನಲ್ಲಿ, ಪದವಿ ಪಡೆದದ್ದು 1889ರಲ್ಲಿ. ಅದೇ ವರ್ಷ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ ಅವರನ್ನು ಹಿಂದೂಸ್ತಾನಕ್ಕೆ ಕಳಿಸಿತು. ಜೊತೆಗೆ ಹೆಂಡತಿ ಮೇರಿ. ಆಕೆ ತರಬೇತಿ ಪಡೆದ ನರ್ಸ್. ಇಪ್ಪತ್ನಾಲ್ಕು ವರ್ಷದ ಡಾಕ್ಟರು, ಕೈಯಲ್ಲಿ ಹೊಸ ಪದವಿ, ನಾಲಿಗೆಯ ಮೇಲೆ ಮರಾಠಿಯೂ ಇಲ್ಲ ಕನ್ನಡವೂ ಇಲ್ಲ. ಅವರನ್ನು ಹಾಕಿದ್ದು ಸಾಂಗ್ಲಿಗೆ. ಅಲ್ಲಿ ಒಂದು ಸಣ್ಣ ಔಷಧಾಲಯದಿಂದ ಕೆಲಸ ಶುರುವಾಯಿತು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಅವರು ಬಂದದ್ದು ಬರೀ ರೋಗ ವಾಸಿ ಮಾಡಲಿಕ್ಕಲ್ಲ, ತಮ್ಮ ಧರ್ಮ ಹೇಳಲಿಕ್ಕೂ ಬಂದರು. ದವಾಖಾನೆ ಆ ಕೆಲಸದ ಒಂದು ಭಾಗವಾಗಿತ್ತು. ಅದನ್ನು ಮುಚ್ಚಿಟ್ಟು ಅವರನ್ನು ದೇವರು ಮಾಡೋ ಅಗತ್ಯ ನನಗೇನೂ ಕಾಣುವುದಿಲ್ಲ. ಅವರು ಕಟ್ಟಿದ್ದು ಹೇಗೆ ಕೆಲಸ ಮಾಡಿತು, ಎಲ್ಲಿ ನಿಂತುಹೋಯಿತು ಅನ್ನೋದು ನನ್ನ ಕುತೂಹಲ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಪುಣೆಯ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ದುಡಿದು, ಆಮೇಲೆ ಪತ್ರಿಕೆಗೆ ಬಂದವನು. ಯಾವ ವ್ಯವಸ್ಥೆಯನ್ನು ಕಂಡರೂ ಅದರ ಗೇರು, ಬೆಲ್ಟು ಎಲ್ಲಿದೆ ಅಂತ ಹುಡುಕೋ ಚಟ ಇನ್ನೂ ಹೋಗಿಲ್ಲ.

ವಾನ್ಲೆಸ್ ಸಾಂಗ್ಲಿಯಲ್ಲಿ ಬಹಳ ಕಾಲ ಉಳಿಯಲಿಲ್ಲ. 1892ರ ಹೊತ್ತಿಗೆ ಮಿರಜಿಗೆ ಬಂದರು. ಆ ಕಾಲದ ರೈಲ್ವೆ ನಕಾಶೆ ಮುಂದಿಟ್ಟುಕೊಂಡು ನೋಡಿದರೆ ಈ ಸ್ಥಳಾಂತರದ ಬೆಲೆ ಗೊತ್ತಾಗುತ್ತದೆ. ಪುಣೆಯಿಂದ ಮಿರಜ, ಬೆಳಗಾವಿ ಮೇಲೆ ಲೋಂಡಾಕ್ಕೆ ಹೋಗುವ ಸದರ್ನ್ ಮರಾಠಾ ರೈಲ್ವೆಯ ಹಳಿ ಆಗತಾನೇ ಬಂದಿತ್ತು. 1891ರಲ್ಲಿ ಕೊಲ್ಹಾಪುರದ ಕವಲು ಹಳಿಯೂ ಮಿರಜಿಗೆ ಬಂದು ಕೂಡಿತು. ಸಾಂಗ್ಲಿ ಪಟ್ಟಣ ಆಗ ಮುಖ್ಯ ಹಳಿಯ ಮೇಲೆ ಇರಲಿಲ್ಲ. ಮಿರಜ ಜಂಕ್ಷನ್ ಆಯಿತು. ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ. ಈ ಹಳಿ ನಮ್ಮ ಊರುಗಳನ್ನೇ ದಾಟಿಕೊಂಡು ಹೋಗುತ್ತದೆ. ಕುಡಚಿ, ಉಗಾರದ ನಡುವೆ ಕೃಷ್ಣೆಯ ಮೇಲೆ ರೈಲು ಸೇತುವೆ. ಮಳೆಗಾಲದಲ್ಲಿ ದೋಣಿ ನಿಂತರೂ ರೈಲು ಹೊಳೆ ದಾಟುತ್ತಿತ್ತು.

ಇನ್ನೊಂದು ಯೋಗಾಯೋಗ ನೋಡಿ. ದವಾಖಾನೆಗೆ ಮಿರಜ ಸಂಸ್ಥಾನದಿಂದ ಜಾಗ ಸಿಕ್ಕಿತು. ಕಟ್ಟಡಕ್ಕೆ ರೊಕ್ಕ ಕೊಟ್ಟವರು ಫಿಲಡೆಲ್ಫಿಯಾದ ಜಾನ್ ಕಾನ್ವರ್ಸ್. ಅವರು ಬಾಲ್ಡ್‌ವಿನ್ ಲೋಕೋಮೋಟಿವ್ ವರ್ಕ್ಸ್ ಎಂಬ ದೊಡ್ಡ ಉಗಿಬಂಡಿ ಎಂಜಿನ್ ಕಾರ್ಖಾನೆಯ ಪಾಲುದಾರರು. ಅಂದರೆ ರೈಲು ಎಂಜಿನ್ ಮಾರಿದ ರೊಕ್ಕದಿಂದ ರೈಲು ಜಂಕ್ಷನ್ನಿನಲ್ಲಿ ದವಾಖಾನೆ ಎದ್ದಿತು. 1894ರಲ್ಲಿ ಅದು ಬಾಗಿಲು ತೆರೆಯಿತು. ರೈಲಿನ ಲೆಕ್ಕ ಹಾಕಿಯೇ ಅವರು ಜಾಗ ಆರಿಸಿದರೋ, ಬೇರೆ ಅನುಕೂಲ ನೋಡಿದರೋ, ಫಲ ಮಾತ್ರ ಒಂದೇ: ನೂರಾರು ಮೈಲಿ ದೂರದ ರೋಗಿಗೂ ಮಿರಜ ಒಂದು ಟಿಕೆಟಿನ ದೂರದಲ್ಲಿ ಬಂತು.

ಬೇಗನೇ ಹೆಸರಾಯಿತು. ಕಣ್ಣಿನ ಪೊರೆ, ಮೂತ್ರಕೋಶದ ಕಲ್ಲು, ಹೊಟ್ಟೆಯ ಗೆಡ್ಡೆ, ಹಲವು ವರ್ಷಗಳಿಂದ ಜನ ಹೊತ್ತುಕೊಂಡೇ ಬದುಕಿದ್ದ ಕಾಯಿಲೆಗಳಿಗೆ ಶಸ್ತ್ರಚಿಕಿತ್ಸೆ ಇಲ್ಲಿ ಆಗುತ್ತದೆ ಅನ್ನೋ ಸುದ್ದಿ ಸಂತೆಯಿಂದ ಸಂತೆಗೆ ಹಬ್ಬಿತು. ಹೊರಸಿನ ಮೇಲೆ ಹೊತ್ತು ತಂದರು, ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ತಂದರು, ಸ್ಟೇಷನ್ನಿನವರೆಗೆ ನಡೆಸಿಕೊಂಡು ಬಂದು ರೈಲು ಹತ್ತಿಸಿದರು. ಸಂಸ್ಥಾನಿಕರ ಮನೆಯವರೂ ಬಂದರು, ಕೂಲಿಯವರೂ ಬಂದರು.

ಇಲ್ಲೇ ನನಗೆ ಒಂದು ವಿಷಯ ಹೊಳೆಯಿತು. ಆ ದವಾಖಾನೆಗೆ ಹೆಸರು ತಂದ ಕಾಯಿಲೆಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಪೊರೆ ಬಂದ ಕಣ್ಣು ಒಂದು ವಾರ ಕಾಯುತ್ತದೆ. ಕಲ್ಲಿನ ನೋವು ಹಿಂಡುತ್ತದೆ, ಆದರೆ ಅನೇಕ ಸಲ ಕಾಯುತ್ತದೆ. ಗೆಡ್ಡೆಯೂ ಕಾಯುತ್ತದೆ. ಚಕ್ಕಡಿಯಲ್ಲಿ ಎರಡು ದಿನ, ರೈಲಿನಲ್ಲಿ ಒಂದು ರಾತ್ರಿ ಕಳೆದು ಬಂದರೂ ಜೀವ ಇರುತ್ತದೆ. ಕಾಯದ ಕಾಯಿಲೆಗಳ ಗತಿ ಏನು? ಅಡ್ಡ ಸಿಕ್ಕ ಕೂಸು, ಹೆರಿಗೆಯ ನಂತರದ ರಕ್ತಸ್ರಾವ, ಹಾವು ಕಡಿತ, ಲಕ್ವಾ? ಅಥಣಿಯ ಆಚೆಯ ಹಳ್ಳಿಯ ಬಾಣಂತಿಗೆ ಮಿರಜಿನಲ್ಲಿ ಎಷ್ಟು ಒಳ್ಳೆಯ ಡಾಕ್ಟರ್ ಇದ್ದರೇನು, ಚಕ್ಕಡಿ ಅಲ್ಲಿಗೆ ಮುಟ್ಟುವ ಮೊದಲೇ ಮುಗಿದಿರುತ್ತಿತ್ತು. ಮುಟ್ಟಿದವರ ಲೆಕ್ಕ ದವಾಖಾನೆಯ ದಫ್ತರಿನಲ್ಲಿ ಬರುತ್ತದೆ. ದಾರಿಯಲ್ಲೇ ಹೋದವರ ಲೆಕ್ಕ ಯಾವ ದಫ್ತರಿನಲ್ಲೂ ಬರುವುದಿಲ್ಲ.

ವಾನ್ಲೆಸ್ ಈ ದೂರಕ್ಕೆ ಕೊಟ್ಟ ಉತ್ತರ ಅವರ ಕಾಲಕ್ಕೆ ಸಾಧ್ಯವಿದ್ದ ಉತ್ತರ. ರೋಗಿಯನ್ನು ಬೇಗ ತರಲಾಗದಿದ್ದರೆ ಡಾಕ್ಟರನ್ನೇ ಹೊರಗೆ ಕಳಿಸಬೇಕು. 1897ರಲ್ಲಿ ಮಿರಜಿನಲ್ಲಿ ವೈದ್ಯಕೀಯ ಶಾಲೆ ತೆರೆದರು. ಇಲ್ಲಿನ ಹುಡುಗರಿಗೆ ವೈದ್ಯ ವಿದ್ಯೆ ಕಲಿಸಿ ಮಿಷನ್ನಿನ ಔಷಧಾಲಯಗಳಿಗೆ, ದವಾಖಾನೆಗಳಿಗೆ ಕಳಿಸುವ ಶಾಲೆ ಅದು. ನರ್ಸುಗಳ ತರಬೇತಿಯೂ ಜೊತೆಗೆ ಬೆಳೆಯಿತು. ಮಿರಜಿನಲ್ಲಿ ಕಲಿತ ನರ್ಸ್ ಅನ್ನೋದು ನಮ್ಮ ಭಾಗದಲ್ಲಿ ಒಂದು ದೊಡ್ಡ ಮಾತಾಗಿ ಉಳಿದಿದ್ದರ ಬೇರು ಅಲ್ಲಿದೆ.

ಅದು ಕೆಟ್ಟ ಕಾಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗ್ ಅದೇ ರೈಲು ಹಳಿಗಳ ಮೇಲೆ ಒಳನಾಡಿಗೂ ಬಂತು. ಹಿಂದೆಯೇ ಬರಗಾಲ, 1899-1900ರಲ್ಲಿ ಇನ್ನೊಂದು. ರೋಗಿಯನ್ನು ತಂದ ಹಳಿಯೇ ರೋಗವನ್ನೂ ತಂದಿತು. ಊರುಗಳು ಖಾಲಿಯಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ವಾನ್ಲೆಸ್ ಆ ವರ್ಷಗಳನ್ನು ಮಿರಜಿನಲ್ಲೇ ಕಳೆದರು. ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ ಆಶ್ರಯ ಎದ್ದದ್ದೂ ಆ ಸುಮಾರಿನಲ್ಲೇ. ಮುಂದೆ ಕ್ಷಯರೋಗಿಗಳಿಗೆ ಊರ ಹೊರಗೆ ಆರೋಗ್ಯಧಾಮ ಬಂತು. ಅದರ ಸುತ್ತ ಬೆಳೆದ ವಸತಿಗೆ ಇವತ್ತಿಗೂ ಅವರದೇ ಹೆಸರು, ವಾನ್ಲೆಸ್‌ವಾಡಿ. ರೈಲಿನಲ್ಲಿ ಮಿರಜಿನಿಂದ ಸಾಂಗ್ಲಿಗೆ ಹೋದವರಿಗೆ ಅದು ಗೊತ್ತಿರುತ್ತದೆ.

1906ರಲ್ಲಿ ಮೇರಿ ತೀರಿಕೊಂಡರು. ಜೊತೆಗೆ ಬಂದು, ಆರಂಭದ ದಿನಗಳಿಂದ ರೋಗಿಗಳ ಪಕ್ಕದಲ್ಲಿ ನಿಂತವರು. ಕೊಲ್ಹಾಪುರದ ಮಿಷನ್ ದವಾಖಾನೆಗೆ ಆಮೇಲೆ ಆಕೆಯ ಹೆಸರು ಬಂತು. ನಿಪ್ಪಾಣಿ ಕಡೆಯ ಹಳಬರಿಗೆ ಮೇರಿ ವಾನ್ಲೆಸ್ ದವಾಖಾನೆ ಗೊತ್ತು. ಹಾಗಾಗಿ ನಮ್ಮ ಐದು ತಾಲ್ಲೂಕುಗಳ ರೋಗಿಗಳನ್ನು ಗಂಡ-ಹೆಂಡತಿ ಹಂಚಿಕೊಂಡಂತಾಯಿತು: ಅಥಣಿ, ಕಾಗವಾಡ, ರಾಯಬಾಗದವರು ಗಂಡನ ಹೆಸರಿನ ದವಾಖಾನೆಗೆ, ನಿಪ್ಪಾಣಿಯವರು ಹೆಂಡತಿಯ ಹೆಸರಿನದಕ್ಕೆ. ಚಿಕ್ಕೋಡಿಯವರು ಎರಡೂ ಕಡೆಗೆ. ಮರುವರ್ಷ ವಾನ್ಲೆಸ್ ಲಿಲಿಯನ್ ಹೇವನ್ಸ್ ಎಂಬುವರನ್ನು ಮದುವೆಯಾದರು.

ನನ್ನ ಲೆಕ್ಕದಲ್ಲಿ ವಾನ್ಲೆಸ್ ಮಾಡಿದ ದೊಡ್ಡ ಕೆಲಸ ಶಸ್ತ್ರಚಿಕಿತ್ಸೆಯಲ್ಲಿ ಇಲ್ಲ, ಜಮಾಖರ್ಚಿನಲ್ಲಿ ಇದೆ. ದವಾಖಾನೆಯ ನಿಜವಾದ ಖರ್ಚು ಯಾವುದು? ಔಷಧಿಯೂ ದಾರವೂ ಸಣ್ಣವು. ದೊಡ್ಡ ಖರ್ಚು ಸಜ್ಜಾಗಿ ಕಾಯುವುದರದು. ರೋಗಿ ಬರಲಿ ಬಿಡಲಿ ಹಾಸಿಗೆ ಸಿದ್ಧ ಇರಬೇಕು, ಉಪಕರಣ ಕುದಿಸಿ ಇಟ್ಟಿರಬೇಕು, ರಾತ್ರಿಪಾಳಿಯ ನರ್ಸ್ ಎಚ್ಚರ ಇರಬೇಕು. ಈ ಕಾಯುವಿಕೆಯ ಬೆಲೆಯನ್ನು ಆ ದಿನ ಬಂದ ಒಬ್ಬ ಬಡರೋಗಿಯ ತಲೆಗೆ ಕಟ್ಟಿದರೆ ಅವನು ತನ್ನ ಎತ್ತು ಮಾರಿದರೂ ತೀರುವುದಿಲ್ಲ. ಮಿರಜಿನಲ್ಲಿ ಇದನ್ನು ಹಂಚಿದರು. ಉಳ್ಳವರಿಂದ ಶುಲ್ಕ, ಬಡವರಿಗೆ ಉಚಿತ, ಕಟ್ಟಡಕ್ಕೂ ಸಲಕರಣೆಗೂ ದೂರದ ದಾನಿಗಳ ಹಣ. ಸಂಸ್ಥಾನಿಕನ ಹೊಟ್ಟೆಯ ಶಸ್ತ್ರಚಿಕಿತ್ಸೆಯ ಶುಲ್ಕದಲ್ಲಿ ಹಮಾಲನ ಕಣ್ಣಿನ ಪೊರೆ ತೆಗೆಯುವ ಖರ್ಚೂ ಸೇರಿರುತ್ತಿತ್ತು ಅನ್ನಬಹುದು.

ಬ್ರಿಟಿಷ್ ಸರ್ಕಾರ ಅವರಿಗೆ ಕೈಸರ್-ಎ-ಹಿಂದ್ ಪದಕ ಕೊಟ್ಟಿತು, 1928ರಲ್ಲಿ ಸರ್ ಪದವಿಯನ್ನೂ ಕೊಟ್ಟಿತು. ಅದೇ ವರ್ಷ ಅವರು ನಿವೃತ್ತರಾಗಿ ಹೊರಟರು. ಹತ್ತಿರಹತ್ತಿರ ನಲವತ್ತು ವರ್ಷ. ಇಪ್ಪತ್ನಾಲ್ಕರ ಹುಡುಗನಾಗಿ ಬಂದವರು ಅರವತ್ತು ದಾಟಿ ವಾಪಸಾದರು. 1933ರ ಮಾರ್ಚಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಮಿರಜ ಮಾತ್ರ ವೈದ್ಯರ ಊರಾಗಿ ಬೆಳೆಯುತ್ತಲೇ ಹೋಯಿತು. 1962ರಲ್ಲಿ ಅಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಸುತ್ತ ಖಾಸಗಿ ದವಾಖಾನೆಗಳು ಸಾಲುಗಟ್ಟಿದವು. ಸಿತಾರು, ತಂಬೂರಿ ಮಾಡುವ ಮಿರಜಿಗೆ ಇನ್ನೊಂದು ಗುರುತು ಗಟ್ಟಿಯಾಯಿತು.

ಈಗ ಈ ತುದಿಗೆ ಬರೋಣ. ವಾನ್ಲೆಸ್ ಕಾಲದಲ್ಲಿ ದಾರಿಗೆ ಉತ್ತರ ಇರಲಿಲ್ಲ ಅಂತ ಪೂರ್ತಿ ಹೇಳಲೂ ಆಗುವುದಿಲ್ಲ. ಮಿರಜಿನ ದವಾಖಾನೆಗೆ ನೂರು ವರ್ಷ ಮೊದಲೇ, 1792ರಲ್ಲಿ, ಫ್ರೆಂಚ್ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಲಾರ್ರೆ ಒಂದು ವಿಚಾರ ಮಾಡಿದ್ದರು. ಆಗ ಗಾಯಾಳುಗಳ ಗಾಡಿಗಳು ರಣರಂಗದಿಂದ ನಾಲ್ಕೈದು ಕಿಲೋಮೀಟರ್ ಹಿಂದೆ ನಿಂತು, ಕಾದಾಟ ಮುಗಿದ ಮೇಲೆ ಬರುತ್ತಿದ್ದವು. ಅಷ್ಟರಲ್ಲಿ ಬಹಳ ಜನ ಸತ್ತಿರುತ್ತಿದ್ದರು. ಲಾರ್ರೆ ಸ್ಪ್ರಿಂಗ್ ಹಾಕಿದ ಹಗುರ ಕುದುರೆಗಾಡಿ ಮಾಡಿಸಿ, ಕಾದಾಟ ನಡೆಯುತ್ತಿರುವಾಗಲೇ ಗಾಯಾಳುವಿನ ಬಳಿಗೆ ಕಳಿಸಿದರು. ಇವತ್ತಿನ ಆಂಬುಲೆನ್ಸಿನ ಅಜ್ಜ ಅದು. ಖರ್ಚು ಸೈನ್ಯದ್ದು. ಕಾಲು ಕಳೆದುಕೊಂಡು ಬಿದ್ದ ಸಿಪಾಯಿಯ ಹತ್ತಿರ ಯಾರೂ ಬಾಡಿಗೆ ಕೇಳಲಿಲ್ಲ. ಸಿಪಾಯಿಗೆ ಸಿಕ್ಕ ಈ ಸೌಲಭ್ಯ ನಮ್ಮ ರೈತನಿಗೆ ಸಿಗಲು ಬಹಳ ಕಾಲ ಹಿಡಿಯಿತು. 2005ರಲ್ಲಿ ಹೈದರಾಬಾದಿನಿಂದ 108 ಶುರುವಾಯಿತು, ಕರ್ನಾಟಕದಲ್ಲಿ ಆರೋಗ್ಯ ಕವಚ ಅನ್ನೋ ಹೆಸರಿನಲ್ಲಿ 2008ರ ನವೆಂಬರ್ 1ಕ್ಕೆ ಬಂತು. ಮಿರಜಿನ ದವಾಖಾನೆ ತೆರೆದು ಆಗ 114 ವರ್ಷ.

108 ಉಚಿತ. ಅದರ ಹಿಂದಿನ ತತ್ವ ವಾನ್ಲೆಸ್ ಜಮಾಖರ್ಚಿನದೇ: ಗಾಡಿ ಸಜ್ಜಾಗಿ ಕಾಯುವ ಖರ್ಚನ್ನು ಎಲ್ಲರೂ ತೆರಿಗೆಯಲ್ಲಿ ಹಂಚಿಕೊಂಡು ಕೊಡೋದು. ಅಗ್ನಿಶಾಮಕ ದಳವೂ ಹೀಗೇ. ಮನೆಗೆ ಬೆಂಕಿ ಬಿದ್ದಾಗ ಗಾಡಿ ಬಂದು, ಮೊದಲು ರೊಕ್ಕ ಎಣಿಸಿ ಅಂತ ಯಾರೂ ಹೇಳುವುದಿಲ್ಲ. ಖಾಸಗಿ ಆಂಬುಲೆನ್ಸಿನಲ್ಲಿ ಇದು ತಿರುವುಮುರುವು. ಕಾಕಾನ ಗಾಡಿಯ ಲೆಕ್ಕ ನಾನೇ ಹಾಕಿದೆ. ಅಥಣಿಯಿಂದ ಮಿರಜಿಗೆ ಸುಮಾರು 55 ಕಿಲೋಮೀಟರ್, ಹೋಗಿಬರಲು 110. ಲೀಟರಿಗೆ ಹತ್ತು ಕಿಲೋಮೀಟರ್ ಹಿಡಿದರೆ ಡೀಸೆಲ್ಲಿಗೆ ಸಾವಿರದ ಆಸುಪಾಸು. ಉಳಿದ ನಾಲ್ಕು ಸಾವಿರ ಡ್ರೈವರನ ದುರಾಸೆ ಅಂತ ನಾನೂ ಮೊದಲು ಸಿಟ್ಟಾಗಿದ್ದೆ. ಆಮೇಲೆ ವಿಚಾರ ಮಾಡಿದೆ. ಆ ಗಾಡಿಗೆ ಸಾಲದ ಕಂತಿದೆ, ವಿಮೆ ಇದೆ, ಆಕ್ಸಿಜನ್ ಸಿಲಿಂಡರ್ ಇದೆ. ದಿನದ ಇಪ್ಪತ್ನಾಲ್ಕು ತಾಸಿನಲ್ಲಿ ಇಪ್ಪತ್ತು ತಾಸು ಅದು ಗಿರಾಕಿ ಇಲ್ಲದೇ ನಿಂತಿರುತ್ತದೆ. ನಿಂತ ಆ ಇಪ್ಪತ್ತು ತಾಸಿನ ಬೆಲೆಯನ್ನು ಅವತ್ತು ರಾತ್ರಿ ಬಿದ್ದ ಒಬ್ಬ ಮನುಷ್ಯನಿಂದ ವಸೂಲಿ ಮಾಡಬೇಕು. ಅವತ್ತು ರಾತ್ರಿ ಬಿದ್ದವರು ನಮ್ಮ ಕಾಕಾ. ಡ್ರೈವರ್ ಎಷ್ಟೇ ಒಳ್ಳೆಯವನಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಅವನು ಕೆಟ್ಟವನಾದರೆ ಇನ್ನೂ ಎರಡು ಸಾವಿರ ಜಾಸ್ತಿ ಆಗುತ್ತದೆ, ಅಷ್ಟೇ.

ಹಾಗಾದರೆ 108 ಗಾಡಿಗಳನ್ನು ಹೆಚ್ಚಿಸಿದರೆ ಸಾಕೇ? ಇಲ್ಲಿ ಗಾಡಿಗಳ ಸಂಖ್ಯೆಗಿಂತ ಗಾಡಿಯ ತಾಸುಗಳನ್ನು ಎಣಿಸಬೇಕು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡದ ಪ್ರಕಾರ ಲಕ್ಷ ಜನಕ್ಕೆ ಒಂದು ಸಾಮಾನ್ಯ ಆಂಬುಲೆನ್ಸ್, ಐದು ಲಕ್ಷಕ್ಕೆ ಒಂದು ವೆಂಟಿಲೇಟರಿನಂಥ ಸೌಲಭ್ಯ ಇರುವ ಆಂಬುಲೆನ್ಸ್ ಬೇಕು. 2011ರ ಜನಗಣತಿಯಲ್ಲೇ ಈ ಐದು ತಾಲ್ಲೂಕುಗಳ ಜನಸಂಖ್ಯೆ ಸುಮಾರು 15 ಲಕ್ಷ. ಅಂದರೆ 15 ಸಾಮಾನ್ಯ, 3 ಸುಸಜ್ಜಿತ. ಆದರೆ ಅಥಣಿಯ ಒಂದು ಗಾಡಿ ರೋಗಿಯನ್ನು ಬೆಳಗಾವಿಯ ಜಿಲ್ಲಾಸ್ಪತ್ರೆಗೆ ಒಯ್ದರೆ ಹೋಗಲು ಸುಮಾರು 140 ಕಿಲೋಮೀಟರ್. ಅಲ್ಲಿ ರೋಗಿಯನ್ನು ಒಪ್ಪಿಸಿ ವಾಪಸು ಬರಲು ಆರೇಳು ತಾಸು. ಅಷ್ಟು ಹೊತ್ತು ಆ ಭಾಗದ ಹಳ್ಳಿಗಳ ಪಾಲಿಗೆ ಆ ಗಾಡಿ ಕಾಗದದ ಮೇಲೆ ಇರುತ್ತದೆ, ರಸ್ತೆಯ ಮೇಲೆ ಇರುವುದಿಲ್ಲ. ಅದೇ ಗಾಡಿ ಮಿರಜಿಗೆ ಹೋದರೆ ಮೂರು ತಾಸಿನಲ್ಲಿ ವಾಪಸು. ಹೊಸದೊಂದು ಗಾಡಿ ಕೊಳ್ಳದೆಯೇ ಇರುವ ಗಾಡಿ ಎರಡು ಗಾಡಿಯಾಗುತ್ತದೆ.

ಕಾಗವಾಡದಿಂದ ಮಿರಜ 15 ಕಿಲೋಮೀಟರಿನೊಳಗೆ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40, ಬೆಳಗಾವಿ ಸುಮಾರು 75. ಭೂಗೋಳ ಒಂದು ಕಡೆ ಎಳೆಯುತ್ತದೆ, ಆಡಳಿತ ಇನ್ನೊಂದು ಕಡೆ. 108ರ ವ್ಯವಸ್ಥೆ ರಾಜ್ಯ ರಾಜ್ಯಕ್ಕೆ ಬೇರೆ: ಬೇರೆ ಗುತ್ತಿಗೆ, ಬೇರೆ ಕರೆ ಕೇಂದ್ರ, ಬೇರೆ ಆಸ್ಪತ್ರೆಗಳ ಪಟ್ಟಿ. ಕರ್ನಾಟಕದ್ದು ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳನ್ನು ನಂಬಿ ಕಟ್ಟಿದ್ದು, ಮಹಾರಾಷ್ಟ್ರದ್ದು ಅಲ್ಲಿನವನ್ನು. ಗಡಿಯ ಹಳ್ಳಿಯಲ್ಲಿ ಮೊಬೈಲು ಆಚೆಯ ಟವರ್ ಹಿಡಿದರೆ ಕರೆಯೂ ಆಚೆ ಹೋಗುವ ಸಾಧ್ಯತೆ ಇರುತ್ತದೆ. ಈ ಎರಡು ವ್ಯವಸ್ಥೆಗಳ ನಡುವಿನ ಸಂದಿಯಲ್ಲೇ ಖಾಸಗಿ ಗಾಡಿಯ ಮಾರುಕಟ್ಟೆ ನಿಂತಿದೆ.

ವಾನ್ಲೆಸ್ ಕಾಲದಲ್ಲಿ ಗಡಿಗಳು ಇರಲಿಲ್ಲ ಅಂದುಕೊಳ್ಳಬೇಡಿ. ಇವತ್ತಿಗಿಂತ ಹೆಚ್ಚಿದ್ದವು. ಅಥಣಿ, ಚಿಕ್ಕೋಡಿ ಬ್ರಿಟಿಷರ ಬೆಳಗಾವಿ ಜಿಲ್ಲೆ, ರಾಯಬಾಗ ಕೊಲ್ಹಾಪುರದ ಛತ್ರಪತಿಗಳದ್ದು, ಮಿರಜ ಪಟವರ್ಧನರದ್ದು. ಒಬ್ಬ ರೋಗಿ ಒಂದೇ ದಿನ ಎರಡು ಮೂರು ದೊರೆಗಳ ಸೀಮೆ ದಾಟುತ್ತಿದ್ದ. ಆದರೆ ಆಗ ದಾರಿ ರೋಗಿಯದೇ ಆಗಿತ್ತು, ಚಕ್ಕಡಿಗೆ ಯಾವ ಇಲಾಖೆಯೂ ಇರಲಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಮಿರಜ ಮುಂಬಯಿಗೆ, ಆಮೇಲೆ ಮಹಾರಾಷ್ಟ್ರಕ್ಕೆ ಉಳಿಯಿತು. ಎರಡೂ ಸರ್ಕಾರಗಳು ಈ ಗಡಿಯ ಬಗ್ಗೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಮಾತಾಡಿವೆ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿವೆ. ಊರು ಯಾರದು ಅನ್ನೋ ಪ್ರಶ್ನೆಗೆ ಕೊಟ್ಟ ಹೊತ್ತಿನಲ್ಲಿ ಸ್ವಲ್ಪವನ್ನು ಆ ಊರಿನ ರೋಗಿ ಯಾರವನು ಅನ್ನೋ ಪ್ರಶ್ನೆಗೆ ಕೊಟ್ಟಿದ್ದರೆ ಚೆನ್ನಾಗಿತ್ತು.

ಗಡಿ ಪೂರ್ತಿ ಮುಚ್ಚಿದರೆ ಏನಾಗುತ್ತದೆ ಅಂತ 2020ರಲ್ಲಿ ನೋಡಿದ್ದೇವೆ. ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಬರುವ ದಾರಿಗಳನ್ನು ಕರ್ನಾಟಕ ಮುಚ್ಚಿತು. ಅಲ್ಲಿನವರಿಗೆ ಮಂಗಳೂರು ಅಂದರೆ ನಮಗೆ ಮಿರಜ ಇದ್ದ ಹಾಗೆ. ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು, ಚಿಕಿತ್ಸೆ ಸಿಗದೇ ಜನ ಸತ್ತರು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದ ಮೇಲೆ ತುರ್ತು ರೋಗಿಗಳನ್ನು ಬಿಡುವ ನಿಯಮ ರೂಪುಗೊಂಡಿತು. ಅದೇ ಕಾಲದಲ್ಲಿ ನಮ್ಮ ಕಾಗವಾಡದಲ್ಲಿ, ನಿಪ್ಪಾಣಿ ಹತ್ತಿರದ ಕೊಗನೊಳ್ಳಿಯಲ್ಲಿ ಚೆಕ್‌ಪೋಸ್ಟುಗಳಿದ್ದವು. ಆಗ ಇಲ್ಲಿ ಅಡ್ಡ ನಿಂತಿದ್ದು ಪೊಲೀಸರು. ಮಳೆಗಾಲದಲ್ಲಿ ಹೊಳೆಗಳು ಅಡ್ಡ ನಿಲ್ಲುತ್ತವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿದರೆ ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭಿವಶಿಯ ತಗ್ಗು ಸೇತುವೆಗಳು ಪ್ರತಿ ವರ್ಷ ಎನ್ನುವ ಹಾಗೆ ಮುಳುಗುತ್ತವೆ. 2019ರಲ್ಲಿ ನಿಪ್ಪಾಣಿ ಹತ್ತಿರ ರಾಷ್ಟ್ರೀಯ ಹೆದ್ದಾರಿಯೇ ಬಂದ್ ಆಗಿತ್ತು. ಹತ್ತು ಕಿಲೋಮೀಟರಿನ ದಾರಿ ಮೂವತ್ತಾಗುತ್ತದೆ. ಆಂಬುಲೆನ್ಸಿನ ಮೀಟರೂ ಅದರ ಜೊತೆ ಓಡುತ್ತದೆ.

ಕೇಳಬೇಕಾದದ್ದು ಬಹಳ ದೊಡ್ಡದೇನಲ್ಲ. ಒಂದು, ಗಡಿ ತಾಲ್ಲೂಕುಗಳಲ್ಲಿ ಕಾಯದ ಕಾಯಿಲೆಗಳಿಗೆ, ಅಂದರೆ ಲಕ್ವಾ, ಹೃದಯಾಘಾತ, ಅಪಘಾತ, ಕಷ್ಟದ ಹೆರಿಗೆಗೆ, ಎರಡೂ ರಾಜ್ಯಗಳ 108 ಹತ್ತಿರದ ಸಮರ್ಥ ಆಸ್ಪತ್ರೆಗೆ ಹೋಗುವಂತೆ ಲಿಖಿತ ಒಪ್ಪಂದ. ಖರ್ಚನ್ನು ಆಮೇಲೆ ಎರಡು ಖಜಾನೆಗಳು ತಮ್ಮತಮ್ಮಲ್ಲಿ ತೀರಿಸಿಕೊಳ್ಳಲಿ. ನೀರಿನ ಲೆಕ್ಕ, ಬಸ್ಸಿನ ಲೆಕ್ಕ ತೀರಿಸಿಕೊಳ್ಳುವವರಿಗೆ ಇದು ಕಷ್ಟವಲ್ಲ. ಎರಡು, ಖಾಸಗಿ ಆಂಬುಲೆನ್ಸಿಗೆ ಕಿಲೋಮೀಟರ್ ದರ ಗೊತ್ತುಮಾಡಿ, ಗಾಡಿಯ ಮೇಲೆ ಬರೆಸಿ, ರಸೀದಿ ಕಡ್ಡಾಯ ಮಾಡೋದು. ಮೂರು, ಮಳೆಗಾಲದ ಮೂರು ತಿಂಗಳು ಹೊಳೆಯ ಎರಡೂ ದಂಡೆಯಲ್ಲಿ ಗಾಡಿ ನಿಲ್ಲಿಸೋದು. ಯಾವ ಸೇತುವೆ ಯಾವಾಗ ಮುಳುಗುತ್ತದೆ ಅಂತ ತಹಶೀಲ್ದಾರ್ ಕಚೇರಿಗೆ ಗೊತ್ತೇ ಇರುತ್ತದೆ. ಬರೀ ದರ ಕಟ್ಟಿಹಾಕಿದರೆ ಕಾಯುವ ಖರ್ಚು ಮಾಯವಾಗುವುದಿಲ್ಲ, ಗಾಡಿಗಳು ಮಾಯವಾಗುತ್ತವೆ. ಹಾಗಾಗಿ ಮೊದಲನೆಯದು ಆಗದೇ ಎರಡನೆಯದು ಕೆಲಸ ಮಾಡುವುದಿಲ್ಲ.

ವಾನ್ಲೆಸ್ ತಮ್ಮ ಕಾಲಕ್ಕೆ ಸಿಕ್ಕ ರೈಲು ಹಳಿಯ ಪಕ್ಕದಲ್ಲಿ ದವಾಖಾನೆ ಕಟ್ಟಿದರು, ಅದು ಸಜ್ಜಾಗಿ ಕಾಯುವ ಖರ್ಚನ್ನು ಬಡವನ ತಲೆಯಿಂದ ಇಳಿಸಿದರು. ಅಲ್ಲಿಗೆ ಮುಟ್ಟಿದವರಿಗೆ ಅದರ ಲಾಭ ಸಿಕ್ಕಿತು. ದಾರಿಯನ್ನು ಚಕ್ಕಡಿಗೂ ರೈಲಿಗೂ ಬಿಟ್ಟರು, ಬೇರೆ ದಾರಿ ಅವರಿಗೆ ಇರಲಿಲ್ಲ. ನಮಗೆ ಡಾಂಬರು ಇದೆ, ಫೋನ್ ಇದೆ, ಗಾಡಿ ಇದೆ. ಇಲ್ಲದಿರೋದು ಎರಡು ಸರ್ಕಾರಗಳ ಒಂದು ಸಹಿ.

ಕಾಕಾ ಈಗ ಕೋಲು ಹಿಡಿದು ಗುಡಿಯವರೆಗೆ ಅಡ್ಡಾಡುತ್ತಾರೆ. ಎಡಗೈಗೆ ಇನ್ನೂ ಪೂರ್ತಿ ಬಲ ಬಂದಿಲ್ಲ. ಎದುರು ಮನೆಯವರ ಸಾಲವನ್ನು ಕಬ್ಬಿನ ಬಿಲ್ಲು ಬಂದ ದಿನವೇ ತೀರಿಸಿದೆವು, ಕಿರಾಣಿ ಅಂಗಡಿಯವರು ತಮ್ಮದನ್ನು ವಾಪಸು ತೆಗೆದುಕೊಳ್ಳಲೇ ಇಲ್ಲ. ತಮ್ಮ ಅವ್ವನನ್ನು ಇದೇ ದಾರಿಯಲ್ಲಿ ಒಯ್ದಾಗ ಅವರಿಗೂ ಓಣಿಯವರೇ ರೊಕ್ಕ ಕೂಡಿಸಿ ಕೊಟ್ಟಿದ್ದರಂತೆ. ಆಕೆ ಮಿರಜ ಮುಟ್ಟಿರಲಿಲ್ಲ.